ಬಾಣಂತಿ ಮನಸ್ಸು ನೋಡ್ಕೊಳ್ಳೋದು ಹೇಗೆ: ಏಳನೇ ತಿಂಗಳಿಂದ ಮಗುಗೆ ವರ್ಷ ತುಂಬೋ ತನಕ

ಇದನ್ನ ಬಾಣಂತಿಗೆ ಅಂತ ಬರೀತಿಲ್ಲ, ಅವಳ ಸುತ್ತ ಇರೋರಿಗೆ ಬರೀತಿದೀನಿ. ಗಂಡ, ಅವ್ವ, ಅತ್ತೆ, ಅಕ್ಕ, ನಾದಿನಿ, ಬಾಣಂತನ ಯಾರ ಕೈಲಿದೆಯೋ ಅವರಿಗೆ. ನಮ್ಮ ಮಂಡ್ಯ ಕಡೆ ಬಾಣಂತನಕ್ಕೆ ಯಾರೂ ಕಮ್ಮಿ ಮಾಡಲ್ಲ, ಹಂಡೆ ತುಂಬ ನೀರು ಕಾಯ್ಸಿ ಎರೀತಾರೆ, ಖಾರ ಕುಟ್ಟಿ ಇಡ್ತಾರೆ, ಕೂಸಿಗೆ ಎಣ್ಣೆ ತಿಕ್ತಾರೆ, ಇಷ್ಟೆಲ್ಲ ಮಾಡಿ ಕೊನೆಗೆ ಬಾಗಿಲಲ್ಲಿ ನಿಂತ್ಕೊಂಡು "ಯಾಕವ್ವ ಇವ್ಳು ಅಳ್ತಾನೇ ಕೂತವ್ಳೆ" ಅಂತಾರೆ. ಅಲ್ಲಿಂದ ಮುಂದೆ ಎಲ್ಲಾ ಮನೇಲೂ ಒಂದೇ ಕ್ರಮ, ಮೊದ್ಲು ಬುದ್ಧಿಮಾತು, ಆಮೇಲೆ ದೃಷ್ಟಿ ತೆಗೆಯೋದು, ಆಮೇಲೆ ತಾಯ್ತ, ಡಾಕ್ಟ್ರು ಎಲ್ಲಾ ಮುಗಿದ ಮೇಲೆ, ನಿದ್ದೆಯಂತೂ ಲೆಕ್ಕಕ್ಕೇ ಇಲ್ಲ. ಈ ಕ್ರಮ ತಲೆಕೆಳಗಾಗಿದೆ. ನಿದ್ದೆ ಮೊದ್ಲು ಬರ್ಬೇಕು, ಕೇಳಿಸ್ಕೊಳ್ಳೋದು ಎರಡನೇದು, ಎರಡು ವಾರ ದಾಟಿದ್ರೆ ಡಾಕ್ಟ್ರು, ಬುದ್ಧಿಮಾತು ಬೇಡವೇ ಬೇಡ.

ನನ್ನ ಮೊದಲನೇ ಹೆರಿಗೆ ಆದಾಗ ನಾಲ್ಕು ತಿಂಗಳು ಹೀಗೇ ಕಳೆದೋಯ್ತು. ತವರುಮನೇಲಿ ಎಲ್ಲರೂ ಪ್ರಾಣ ಬಿಟ್ಕೊಂಡು ನೋಡ್ಕೊಂಡ್ರು, ಆದ್ರೂ ನಾನು ರಾತ್ರಿ ಮೂರು ಗಂಟೆಗೆ ಕೂಸು ಮಲಗಿದ್ರೂ ಸೂರು ನೋಡ್ಕೊಂಡು ಎದ್ದಿರ್ತಿದ್ದೆ, ಯಾರಿಗೂ ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ನಮ್ಮತ್ತಿಗೆ ಒಬ್ರು ಒಂದಿನ ಕೈ ಹಿಡ್ಕೊಂಡು ಮನೋವೈದ್ಯರ ಹತ್ರ ಕರ್ಕೊಂಡು ಹೋಗಿದ್ರಿಂದ ಬದುಕಿದೆ. ಆಮೇಲೆ ನನ್ನ ತಂಗಿದು, ಚಿಕ್ಕಪ್ಪನ ಸೊಸೆದು, ಮೈಸೂರಲ್ಲಿ ನಮ್ಮ ಬೀದಿ ಹುಡುಗೀರದ್ದು ನೋಡಿದ್ಮೇಲೆ ಗೊತ್ತಾಗಿದ್ದು ಏನಂದ್ರೆ ಎಲ್ಲರೂ ಅದೇ ಅದೇ ಜಾಗದಲ್ಲಿ ಎಡವ್ತಾರೆ.

ಶುರು ಮಾಡೋ ಮುಂಚೆ ಕೈಯಲ್ಲಿ ಏನೇನಿರ್ಬೇಕು

ದೊಡ್ಡ ಸಾಮಾನೇನೂ ಬೇಡ. ಒಂದು ನೋಟ್‌ಬುಕ್ಕು, ಪೆನ್ನು ದಾರದಲ್ಲಿ ಕಟ್ಟಿ ಅದಕ್ಕೇ ಸೇರ್ಸಿಬಿಡಿ. ಬಾಣಂತಿ ಕೈಗೆ ಸಿಗೋ ಹಾಗೆ ಬಿಸಿನೀರಿನ ಫ್ಲಾಸ್ಕು, ಒಂದು ಡಬ್ಬೀಲಿ ತಿನ್ನೋಕೆ ಏನಾದ್ರೂ. ಹಾಲು ಕುಡಿಸೋ ಒಳಲೆ, ಮುಚ್ಚಳ ಇರೋ ಸ್ಟೀಲ್ ಬಟ್ಲು. ತಾಯಿ ಕಾರ್ಡ್. ಗೋಡೆ ಮೇಲೆ ದೊಡ್ಡದಾಗಿ ಬರೆದ ನಂಬರ್‌ಗಳು: ಟೆಲಿ ಮಾನಸ್ 14416 (ಮನಸ್ಸಿನ ಕಷ್ಟಕ್ಕೆ ಅಂತ ಇರೋ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು), ಆಂಬುಲೆನ್ಸ್ 108, ನಿಮ್ಮ ಆಶಾ ಕಾರ್ಯಕರ್ತೆ ನಂಬರ್, ರಾತ್ರಿ ಕರೆದ್ರೆ ಬರೋ ಆಟೋ ಇಲ್ಲ ಕಾರಿನವರ ನಂಬರ್. ಕೊನೇದನ್ನ ಯಾರೂ ಬರ್ಕೊಳ್ಳಲ್ಲ, ರಾತ್ರಿ ಎರಡು ಗಂಟೆಗೆ ಬೇಕಾಗೋದು ಅದೇ.

ಬೇರೆ ಏನೂ ಓದದಿದ್ರೂ ಇದನ್ನ ಓದ್ಕೊಳ್ಳಿ: ಅದೇ ದಿನ ಆಸ್ಪತ್ರೆಗೆ ಹೋಗ್ಬೇಕಾದ ಲಕ್ಷಣಗಳು

ನಮ್ಮಜ್ಜಿಯರು "ಬಾಣಂತಿ ಸನ್ನಿ" ಅಂತಿದ್ರಲ್ಲ, ಅದು ನಿಜವಾದ ಕಾಯಿಲೆ. ಸಾವಿರ ಹೆರಿಗೇಲಿ ಒಬ್ಬರಿಗೋ ಇಬ್ಬರಿಗೋ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೇ, ಕೆಲವ್ರಿಗೆ ಎರಡು ಮೂರನೇ ದಿನಕ್ಕೇ. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ಆದ್ರೂ ಸುಸ್ತೇ ಇಲ್ಲ, ಬಿಡದೆ ಮಾತಾಡ್ತಾಳೆ, ಮಾತಿಗೆ ಮಾತು ಸಂಬಂಧ ಇಲ್ಲ, ಈಗ ನಗ್ತಾಳೆ ಈಗ ರೇಗ್ತಾಳೆ, ಯಾರೋ ಊಟಕ್ಕೆ ಏನೋ ಹಾಕಿದಾರೆ ಅಂತಾಳೆ, ಯಾರೂ ಇಲ್ದಿದ್ರೂ ದನಿ ಕೇಳುತ್ತೆ ಅಂತಾಳೆ, ಮಗು ನಂದಲ್ಲ, ದೇವರ ಕೂಸು, ಪಿಶಾಚಿ ಅಂತ ಏನೇನೋ ಅಂತಾಳೆ. ಇದ್ರಲ್ಲಿ ಒಂದೆರಡು ಕಂಡ್ರೂ ಸಾಕು, ನಾಳೆ ನೋಡೋಣ ಅನ್ಬೇಡಿ. ಗಾಳಿ ಸೋಕಿದೆ ಅಂತ ಮಂತ್ರ ಹಾಕ್ಸೋಕೆ ಹೋದ್ರೆ ಕಳೆಯೋದು ಚಿಕಿತ್ಸೆ ಆಗ್ಬೇಕಾದ ಟೈಮು. ಸರಿಯಾಗಿ ಔಷಧಿ ಆದ್ರೆ ಹೆಚ್ಚಿನೋರು ಪೂರ್ತಿ ಹುಷಾರಾಗ್ತಾರೆ, ಅದ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಇನ್ನೊಂದು, ಸಾಯ್ಬೇಕು ಅನ್ಸುತ್ತೆ ಅಂದ್ರೆ, "ನಾನಿಲ್ದಿದ್ರೆ ಎಲ್ಲರಿಗೂ ಒಳ್ಳೇದು" ಅಂದ್ರೆ, ಮಗುಗೆ ಏನಾದ್ರೂ ಮಾಡ್ತೀನಿ ಅಂದ್ರೆ, ಅದೂ ಅವತ್ತೇ.

ಆಗ ಮಾಡೋ ಕೆಲಸ ಈ ಕ್ರಮದಲ್ಲಿ. ಅವಳನ್ನ ಒಂಟಿ ಬಿಡ್ಬೇಡಿ, ಮಗು ಜೊತೆ ಅವಳೊಬ್ಳೇ ಇರೋದೂ ಬೇಡ. ಒಬ್ರು ಮಗು ನೋಡ್ಕೊಳ್ಳಿ, ಒಬ್ರು ಅವಳ ಪಕ್ಕ ಕೂರಿ. ಗದ್ದೆಗೆ ಹೊಡೆಯೋ ಔಷಧಿ, ಫಿನಾಯಿಲ್, ಮಾತ್ರೆ, ಚಾಕು ಎತ್ತಿಡಿ, ಮನೆ ಹತ್ರ ಬಾವಿ, ಚಾನಲ್ (ನಾಲೆ) ಇದ್ರೆ ಆ ಕಡೆ ಗಮನ ಇರ್ಲಿ. ವಾದ ಮಾಡ್ಬೇಡಿ, "ಹಂಗೆಲ್ಲ ಏನಿಲ್ಲ" ಅಂತ ಜಗಳಕ್ಕೆ ಬೀಳ್ಬೇಡಿ. 108 ಕರೀರಿ. ಜ್ವರ ಇದ್ದು ಬಡಬಡಿಸ್ತಿದ್ರೆ, ತಲೆ ಸಿಡಿಯೋ ನೋವು, ಕಣ್ಣು ಮಂಜು, ಫಿಟ್ಸ್ ಇದ್ರೆ ಅದು ಸೋಂಕೋ ಬಿಪಿಯೋ ಆಗಿರ್ಬಹುದು, ಅದಕ್ಕೂ ಅಷ್ಟೇ ಅರ್ಜೆಂಟು, ಮನಸ್ಸಿಂದು ಅಂತ ಬಿಟ್ಬಿಡ್ಬೇಡಿ.

1. ಏಳು ಎಂಟನೇ ತಿಂಗಳಲ್ಲೇ ಮಾಡ್ಬೇಕಾದ್ದು

ಸೀಮಂತಕ್ಕೆ ಹಸಿರು ಬಳೆ ಯಾರು ತರೋದು ಅಂತ ಮಾತಾಡೋ ಹೊತ್ತಲ್ಲೇ ಇದನ್ನೂ ತೀರ್ಮಾನ ಮಾಡಿ: ಅವಳ ಮನಸ್ಸಿನ ಜವಾಬ್ದಾರಿ ಯಾರ್ದು? ಒಬ್ಬರ ಹೆಸರು ಇರ್ಬೇಕು. "ನಾವೆಲ್ಲ ಇದೀವಲ್ಲ" ಅಂದ್ರೆ ಯಾರೂ ಇಲ್ಲ ಅಂತ. ಆ ಒಬ್ರು ಮಗು ಸ್ನಾನ, ಅಡಿಗೆ, ನೆಂಟರು ಯಾವ್ದನ್ನೂ ತಲೆಗೆ ಹಚ್ಕೊಳ್ದೆ ದಿನಾ ಅವಳನ್ನ ಮಾತ್ರ ನೋಡ್ಬೇಕು. ಗಂಡ ಬೆಂಗಳೂರಲ್ಲಿದ್ದು ಶನಿವಾರ ರಾತ್ರಿ ರೈಲಿಗೆ ಬರೋನಾದ್ರೆ ಈ ಕೆಲಸಕ್ಕೆ ಆಗಲ್ಲ, ಅವನಿಗೆ ಬೇರೆ ಕೆಲಸ ಇದೆ, ಮುಂದೆ ಹೇಳ್ತೀನಿ. ನನ್ನ ಕೇಳಿದ್ರೆ ಹೆಚ್ಚುಕಮ್ಮಿ ಅವಳ ವಯಸ್ಸಿನೋಳು, ಅವಳು ಯಾರ ಮುಂದೆ ಅತ್ರೆ ನಾಚ್ಕೊಳ್ಳಲ್ವೋ ಅಂಥೋಳು ಒಳ್ಳೇದು. ಯಾರು ಅಂತ ಅವಳನ್ನೇ ಕೇಳಿ.

ಹಿಂದೆ ಯಾವಾಗಾದ್ರೂ ಖಿನ್ನತೆ ಆಗಿತ್ತಾ, ಹಿಂದಿನ ಹೆರಿಗೇಲಿ ಹೀಗಾಗಿತ್ತಾ, ಮನೇಲಿ ಅವಳಮ್ಮನಿಗೋ ಅಕ್ಕಂಗೋ ಬಾಣಂತಿ ಸನ್ನಿ ಆಗಿತ್ತಾ, ಬೈಪೋಲಾರ್ (ಮನಸ್ಸು ಕೆಲವು ದಿನ ತೀರಾ ಉಬ್ಬಿ, ಕೆಲವು ದಿನ ತೀರಾ ಕುಗ್ಗೋ ಕಾಯಿಲೆ) ಅಂತ ಯಾರಾದ್ರೂ ಡಾಕ್ಟ್ರು ಹೇಳಿದ್ರಾ, ಹಿಂದೆ ಮಗು ಹೋಗಿತ್ತಾ, ಇವನ್ನ ಕೇಳ್ಕೊಂಡು ಹೆರಿಗೆ ಡಾಕ್ಟ್ರಿಗೆ ಮೊದ್ಲೇ ಹೇಳಿ. ಇಲ್ಲಿ ಆಗೋ ದೊಡ್ಡ ತಪ್ಪು ಅಂದ್ರೆ ಮದುವೆ ಟೈಮಲ್ಲಿ ಮುಚ್ಚಿಟ್ಟಿದ್ದನ್ನ ಆಸ್ಪತ್ರೇಲೂ ಮುಚ್ಚಿಡೋದು. ಮಾತ್ರೆ ತಗೋತಿದ್ರೆ ಬಸುರಿ ಅಂತ ತಾವೇ ನಿಲ್ಸೋದು ಇನ್ನೊಂದು ತಪ್ಪು, ಡಾಕ್ಟ್ರನ್ನ ಕೇಳ್ದೆ ನಿಲ್ಸಿದ್ರೆ ಕಾಯಿಲೆ ತಿರುಗಿ ಬರೋದು ಜಾಸ್ತಿ.

2. ಮೊದಲ ಎರಡು ವಾರ: ಅಳು ಬಂದ್ರೆ ಬರ್ಲಿ

ಹೆರಿಗೆಯಾದ ಎರಡು ಮೂರನೇ ದಿನ ಸುಮ್ ಸುಮ್ನೆ ಅಳು ಬರುತ್ತೆ, ನಾಲ್ಕು ಐದನೇ ದಿನಕ್ಕೆ ಜೋರಾಗುತ್ತೆ, ಎರಡು ವಾರದೊಳಗೆ ತಾನೇ ಇಳಿಯುತ್ತೆ. ಅರ್ಧಕ್ಕಿಂತ ಜಾಸ್ತಿ ತಾಯಂದ್ರಿಗೆ ಹೀಗಾಗುತ್ತೆ, ಬೇಬಿ ಬ್ಲೂಸ್ ಅಂತಾರೆ. ಕಸ (ಮಾಸು) ಬಿದ್ದ ಮೇಲೆ ಬಸುರಲ್ಲಿ ಏರಿದ್ದ ಹಾರ್ಮೋನು ಒಂದೇ ಸಲ ಇಳಿದುಬಿಡುತ್ತೆ, ಅದ್ರ ಜೊತೆ ಹೊಲಿಗೆ ನೋವು, ಎದೆ ಕಟ್ಟೋದು, ನಿದ್ದೆಗೇಡು, ಎಲ್ಲಾ ಸೇರಿ ಬರೋದಿದು. ಔಷಧಿ ಬೇಡ. ಅವಳಿಗೆ ಒಂದು ಮಾತು ಹೇಳಿ ಸಾಕು, "ಇದು ಎಲ್ಲರಿಗೂ ಆಗುತ್ತೆ, ನಿನ್ನಿಂದ ಆಗಿದ್ದಲ್ಲ, ಅಳು ಬಂದ್ರೆ ಅತ್ಬಿಡು."

ಇದೇ ಎರಡು ವಾರದಲ್ಲಿ ನಾವು ಮಾಡೋದೇನು? ಹನ್ನೊಂದನೇ ದಿನಕ್ಕೆ ಪುಣ್ಯಾಹ, ಅದ್ರ ಬೆನ್ನಿಗೆ ತೊಟ್ಟಿಲು, ಮನೆ ತುಂಬ ಜನ, ಸೀರೆ ಉಟ್ಕೊಂಡು ಎರಡು ಗಂಟೆ ಕೂರು ಅನ್ನೋದು. ಹೊಲಿಗೆ ಹಾಕಿರೋ ಹೊಟ್ಟೇಲಿ. ಶಾಸ್ತ್ರ ಬೇಕೇ ಬೇಕು ಅಂದ್ರೆ ಮನೆಯೋರಷ್ಟೇ ಸೇರಿ ಅರ್ಧ ಗಂಟೇಲಿ ಮುಗ್ಸಿ, ಊಟ ಹಾಕೋದನ್ನ ಮೂರು ತಿಂಗಳಾದ ಮೇಲೆ ಇಟ್ಕೊಳ್ಳಿ. ನೋಡೋಕೆ ಬರೋರಿಗೆ ಟೈಮು ಫಿಕ್ಸ್ ಮಾಡಿ, ಸಂಜೆ ನಾಲ್ಕರಿಂದ ಐದು, ಅಷ್ಟೇ. ಬಾಗಿಲಲ್ಲಿ ನಿಂತು ಇಲ್ಲ ಅನ್ನೋ ಕೆಲಸ ಗಂಡಂದೋ ಮಾವಂದೋ ಆಗ್ಲಿ, ಬಾಣಂತಿ ಅವ್ವ ಹೇಳಿದ್ರೆ ಊರೆಲ್ಲ ಮಾತಾಗುತ್ತೆ. ಹೆಣ್ಣುಮಗು ಆಗಿದ್ರೆ ಇದು ಇನ್ನೂ ಮುಖ್ಯ, "ಮುಂದಿನ್ದು ಗಂಡಾಗ್ಲಿ ಬುಡವ್ವ" ಅಂತ ಸಮಾಧಾನ ಮಾಡೋಕೆ ಬರೋರನ್ನ ಕೋಣೆ ಒಳಗೇ ಬಿಡ್ಬೇಡಿ. ಆ ಒಂದು ಮಾತು ವರ್ಷಗಟ್ಟಲೆ ಒಳಗೇ ಕೂತಿರುತ್ತೆ.

3. ನಿದ್ದೆ: ಇಲ್ಲಿ ಗೆದ್ರೆ ಅರ್ಧ ಗೆದ್ದಂಗೆ

ಲೆಕ್ಕ ಹಾಕಿ ನೋಡಿ. ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತೆ. ಹತ್ತು ಸಲ ಅಂತಿಟ್ಕೊಳ್ಳಿ, ಕುಡಿಸಿ, ತೇಗಿಸಿ, ಲಂಗೋಟಿ ಬದಲಿಸಿ, ತಟ್ಟಿ ಮಲಗ್ಸೋಕೆ ಒಂದ್ಸಲಕ್ಕೆ 45 ನಿಮಿಷ ಅಂದ್ರೂ ದಿನಕ್ಕೆ ಏಳೂವರೆ ಗಂಟೆ, ಅದೂ ಹಗಲು ರಾತ್ರಿ ಚೂರು ಚೂರಾಗಿ. ಈಗ ಹಾಲು ಕುಡಿಸೋದು ಬಿಟ್ಟು ಮಿಕ್ಕ ಕೆಲಸ, ಅಂದ್ರೆ ಒಂದ್ಸಲಕ್ಕೆ ಒಂದು 15 ನಿಮಿಷದ್ದು, ಬೇರೆಯವ್ರು ಮಾಡಿದ್ರೆ ಅವಳಿಗೆ ಎರಡೂವರೆ ಗಂಟೆ ಉಳಿಯುತ್ತೆ. ಮೊದಲನೇ ಹೆಜ್ಜೆ ಇದೇ. ಮಗು ಅತ್ರೆ ನೀವು ಎತ್ಕೊಂಡು ಹೋಗಿ ಅವಳ ಮಗ್ಗುಲಿಗೆ ಕೊಡಿ, ಕುಡಿದಾದ ತಕ್ಷಣ ವಾಪಸ್ ಎತ್ಕೊಂಡು ಬನ್ನಿ, ತೇಗಿಸೋದು ಲಂಗೋಟಿ ಮಲಗಿಸೋದು ನಿಮ್ದು.

ಎರಡನೇ ಹೆಜ್ಜೆ, ಒಂದೇ ಸಲಕ್ಕೆ ನಾಲ್ಕೈದು ಗಂಟೆ ನಿದ್ದೆ. "ಹಗಲೆಲ್ಲ ಮಲಗಿದ್ಲಲ್ಲ" ಅಂತಾರೆ, ಇಪ್ಪತ್ತು ಇಪ್ಪತ್ತು ನಿಮಿಷದ ತೂಕಡಿಕೆ ಹತ್ತು ಸಲ ಸೇರ್ಸಿದ್ರೂ ಅದು ನಿದ್ದೆ ಆಗಲ್ಲ. ಹಾಲು ಸರಿಯಾಗಿ ಇಳಿದು ಮಗು ತೂಕ ಏರ್ತಿದೆ ಅಂದ್ಮೇಲೆ, ಸುಮಾರು ಮೂರು ನಾಲ್ಕು ವಾರಕ್ಕೆ, ದಿನಕ್ಕೆ ಒಂದ್ಸಲದ ಹಾಲು ಹಿಂಡಿ ತೆಗೆದಿಡಿ. ಕುದಿಸಿದ ಬಟ್ಲಿಗೆ ಹಿಂಡಿ ಮುಚ್ಚಿಟ್ರೆ ಹೊರಗಡೆ ನಾಲ್ಕು ಗಂಟೆ ಇರುತ್ತೆ, ಏಪ್ರಿಲ್ ಮೇ ಸೆಕೇಲಿ ಅಷ್ಟು ಹೊತ್ತು ಕಾಯ್ಬೇಡಿ, ಫ್ರಿಡ್ಜಲ್ಲಿಡಿ, ಅಲ್ಲಿ ನಾಲ್ಕು ದಿನ ಇರುತ್ತೆ. ಒಲೆ ಮೇಲೆ ಕಾಯಿಸ್ಬೇಡಿ, ಬಿಸಿನೀರಲ್ಲಿ ಬಟ್ಲು ಇಟ್ಟು ಉಗುರು ಬೆಚ್ಚಗೆ ಮಾಡಿ ಒಳಲೇಲಿ ಕುಡಿಸಿ. ರಾತ್ರಿ ಒಂಬತ್ತೂವರೆಗೆ ಅವಳು ಕುಡಿಸಿ ಮಲಗ್ಬಿಟ್ರೆ ಮುಂದಿನ ಸಲದ್ದು ನೀವು ಕುಡಿಸ್ತೀರ, ಅವಳು ಏಳೋದು ನಡುರಾತ್ರಿ ಎರಡು ಗಂಟೆ ಆದ್ಮೇಲೆ.

ಮೂರನೇದು, ಆ ಹೊತ್ತಲ್ಲಿ ಮಗುನ ಬೇರೆ ಕೋಣೇಲಿ ಇಟ್ಕೊಳ್ಳಿ. ಪಕ್ಕದಲ್ಲೇ ಇದ್ರೆ ಪ್ರತೀ ಮುಲುಕಿಗೂ ಅವಳಿಗೆ ಎಚ್ಚರ ಆಗುತ್ತೆ. ಅವಳ ಫೋನೂ ಅವಳ ಹತ್ರ ಬೇಡ.

ವಾರದ ಕೊನೇಲಿ ಬರೋ ಗಂಡನ ಕೆಲಸ ಇದು. ಶನಿವಾರ ರಾತ್ರಿ ಪೂರ್ತಿ ನಿಂದು ಕಣಪ್ಪ, ಕುಡಿಸೋಕೆ ಬಿಟ್ಟು ಬೇರೆ ಯಾವ್ದಕ್ಕೂ ಅವಳನ್ನ ಎಬ್ಬಿಸ್ಬೇಡ. ಮಿಕ್ಕ ದಿನ ವಿಡಿಯೋ ಕಾಲ್ ಮಾಡಿದಾಗ "ಮಗು ತೋರ್ಸು" ಅನ್ನೋಕೆ ಮುಂಚೆ ಅವಳ ಮುಖ ನೋಡು, ಐದು ನಿಮಿಷ ಅವಳ ಜೊತೆ ಮಾತಾಡು, ಆಮೇಲೆ ಮಗು.

ಎಚ್ಚರಿಕೆ ಎಲ್ಲಿದೆ ಗೊತ್ತಾ, ನೀವು ಇಷ್ಟೆಲ್ಲ ಮಾಡಿಕೊಟ್ಟು ಕೋಣೆ ಕತ್ತಲೆ ಮಾಡಿ ಮಗು ಆ ಕಡೆ ನೆಮ್ಮದಿಯಾಗಿ ಮಲಗಿದ್ರೂ ಅವಳಿಗೆ ನಿದ್ದೆ ಬರ್ತಿಲ್ಲ ಅಂದ್ರೆ. ಒಂದೆರಡು ದಿನ ಓಕೆ. ಮೂರು ನಾಲ್ಕು ದಿನ ಸತತ ಹಾಗಾದ್ರೆ ಎರಡು ವಾರ ಕಾಯೋದೇ ಬೇಡ, ನೇರವಾಗಿ ಆರನೇ ಹಂತಕ್ಕೆ ಹೋಗಿ. ನನಗೆ ಮೊದ್ಲು ಶುರುವಾಗಿದ್ದು ಅದೇ, ಅಳುಗಿಂತ ಎಷ್ಟೋ ಮುಂಚೆ.

4. ಮಾತು: ಕೇಳೋದು ಹೇಗೆ, ಏನನ್ನ ಹೇಳ್ಬಾರ್ದು

ಆ ಒಬ್ರು ಅಂತ ಹೆಸರು ಹಾಕಿದ್ರಲ್ಲ, ಅವರು ದಿನಕ್ಕೆ ಒಂದ್ಸಲ ಅವಳ ಹತ್ರ ಹದಿನೈದು ನಿಮಿಷ ಕೂರ್ಬೇಕು, ಬೇರೆ ಯಾರೂ ಇರ್ಬಾರ್ದು. ಎದುರುಬದುರು ಕೂತು ಮುಖ ನೋಡ್ಕೊಂಡು "ಏನಾಗಿದೆ ಹೇಳು" ಅಂದ್ರೆ ಬಾಯಿ ಕಟ್ಟೋಗುತ್ತೆ. ಅವರೆಕಾಯಿ ಸುಲೀತಾನೋ, ಮಗು ಬಟ್ಟೆ ಮಡಚ್ತಾನೋ, ಅವಳ ತಲೆ ಬಾಚ್ತಾನೋ ಕೇಳಿ. ಮಾತು ಇಷ್ಟೇ: "ಮಗು ಚೆನ್ನಾಗಿದೆ ಬಿಡು, ನೀನ್ ಹೆಂಗಿದೀಯ?" ಕೇಳಿ ಸುಮ್ಮನಾಗಿಬಿಡಿ. ಮೊದಲನೇ ದಿನ ಚೆನ್ನಾಗಿದೀನಿ ಅಂತಾಳೆ. ನಾಳೆ ಮತ್ತೆ ಕೇಳಿ. ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ನಿಜ ಬರುತ್ತೆ, ಬಂದಾಗ ಪರಿಹಾರ ಹೇಳೋಕೆ ಹೋಗ್ಬೇಡಿ. "ಕಷ್ಟ ಆಗ್ತಿದೆ ಅಲ್ವಾ" ಅನ್ನಿ, "ಈಗ ನಾನೇನು ಮಾಡ್ಲಿ" ಅಂತ ಕೇಳಿ, ಅವಳು ಹೇಳಿದ್ದನ್ನ ಅವತ್ತೇ ಮಾಡಿ, ಚಿಕ್ಕದಾದ್ರೂ ಸರಿ.

ಹೇಳ್ಬಾರದ್ದು ಅಂದ್ರೆ, "ನಾವೇನ್ ಹೆರ್ಲಿಲ್ವಾ, ಒಂಬತ್ ತಿಂಗ್ಳಲ್ಲೂ ನಾಟಿ ಹಾಕಿದೀವಿ" ಅನ್ನೋದು. ಅದು ನಿಜಾನೇ ಇರ್ಬಹುದು, ಆದ್ರೆ ನಾಟಿ ಹಾಕಿದ ಆ ಅವ್ವಂದ್ರಲ್ಲೂ ಎಷ್ಟು ಜನ ಒಳಗೊಳಗೇ ಬೆಂದಿದ್ರೋ ಯಾರು ಕೇಳಿದ್ರು? "ಹಾಲು ಸಾಲ್ತಿಲ್ವೇನೋ" ಅಂತ ಮಗು ಅತ್ತಾಗೆಲ್ಲ ಅನ್ನೋದು, ಇದು ಎಲ್ಲದಕ್ಕಿಂತ ಜಾಸ್ತಿ ಚುಚ್ಚುತ್ತೆ, ಹಾಲು ಸಾಲ್ತಿದೆಯಾ ಇಲ್ವಾ ಅಂತ ತೂಕ ಹೇಳುತ್ತೆ, ಒದ್ದೆಯಾಗೋ ಲಂಗೋಟಿ ಹೇಳುತ್ತೆ, ನೀವು ಹೇಳೋದು ಬೇಡ. "ಮಗು ಮುಖ ನೋಡಿ ಸಮಾಧಾನ ಮಾಡ್ಕೋ" ಅನ್ನೋದೂ ಬೇಡ, ಖಿನ್ನತೇಲಿ ಇರೋಳಿಗೆ ಮಗು ಮುಖ ನೋಡಿದ್ರೆ ಏನೂ ಅನ್ಸದೇ ಇರ್ಬಹುದು, ಆ ಅನ್ಸದೇ ಇರೋದೇ ಅವಳಿಗೆ ದೊಡ್ಡ ಅಪರಾಧ ಆಗಿ ಕಾಡ್ತಿರುತ್ತೆ.

ಒಂದು ವಿಷಯ ಇಲ್ಲಿ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದ್ರಿಂದ ಹೆಂಗಸ್ರು ತುಂಬಾ ನರಳ್ತಾರೆ. ಮಗು ಕೈಜಾರಿ ಬಿದ್ಬಿಟ್ರೆ, ಬಿಸಿನೀರಲ್ಲಿ ಏನಾದ್ರೂ ಆಗ್ಬಿಟ್ರೆ, ನಾನೇ ಏನಾದ್ರೂ ಮಾಡ್ಬಿಟ್ರೆ, ಅಂತ ಭಯಂಕರ ಚಿತ್ರಗಳು ಬೇಡ ಬೇಡ ಅಂದ್ರೂ ತಲೇಲಿ ಬರುತ್ತೆ. ತುಂಬ ತಾಯಂದ್ರಿಗೆ ಬರುತ್ತೆ. ಅವಳು ಆ ಯೋಚನೆಗೆ ಹೆದರ್ತಿದಾಳೆ, ಅದರಿಂದ ತಪ್ಪಿಸ್ಕೊಳ್ಳೋಕೆ ನೋಡ್ತಿದಾಳೆ ಅಂದ್ರೆ ಅದು ಆತಂಕ, ಸನ್ನಿ ಬೇರೆ. ಡಾಕ್ಟ್ರಿಗೆ ಹೇಳಿದ್ರೆ ಪರಿಹಾರ ಇದೆ. ಅಂಥ ಮಾತು ಆಡಿದಾಗ ಎದ್ದು ಹೋಗಿ ಅತ್ತೆಗೆ ಹೇಳ್ಬೇಡಿ, ಕೈ ಹಿಡ್ಕೊಳ್ಳಿ. ಆದ್ರೆ ಹೆದರಿಕೆ ಇಲ್ದೆ ತಣ್ಣಗೆ ಹೇಳ್ತಿದ್ರೆ, ಅದು ಸರಿ ಅಂತ ಅವಳಿಗೆ ಅನ್ಸ್ತಿದ್ರೆ, ಮೇಲೆ ಹೇಳಿದ ಅದೇ ದಿನದ ಲಕ್ಷಣ.

ಸಾಯೋ ಯೋಚನೆ ಬರುತ್ತಾ ಅಂತ ಬಾಯಿ ಬಿಟ್ಟು ಕೇಳಿ. ಕೇಳಿದ್ರೆ ತಲೆಗೆ ಹಾಕಿದಂಗಾಗುತ್ತೆ ಅನ್ನೋದು ಸುಳ್ಳು, ಕೇಳಿದ್ರೆ ಭಾರ ಇಳಿಯುತ್ತೆ.

ಬರೀ ಕೂತು ಮಾತಾಡಿದ್ರೆ ಏನಾಗುತ್ತೆ ಅಂತ ಅನ್ಸಿದ್ರೆ, ಪಾಕಿಸ್ತಾನದ ರಾವಲ್ಪಿಂಡಿ ಕಡೆ ಹಳ್ಳಿಗಳಲ್ಲಿ ನಮ್ಮ ಆಶಾ ಥರದ ಹೆಂಗಸ್ರಿಗೇ ತರಬೇತಿ ಕೊಟ್ಟು ಖಿನ್ನತೆ ಇರೋ ತಾಯಂದ್ರ ಮನೆಗೆ ಕಳ್ಸಿದ್ರು, 2008ರಲ್ಲಿ ಫಲಿತಾಂಶ ಬಂತು. ಮಗುಗೆ ಆರು ತಿಂಗಳಾದಾಗ ಆ ತರಬೇತಿ ಆದೋರು ಹೋಗಿದ್ದ ತಾಯಂದ್ರಲ್ಲಿ ನೂರಕ್ಕೆ 23 ಜನಕ್ಕೆ ಖಿನ್ನತೆ ಉಳಿದಿತ್ತು, ಬರೀ ಮಾಮೂಲಿ ಭೇಟಿ ಆದೋರಲ್ಲಿ 53 ಜನಕ್ಕೆ. ಹೋಗಿದ್ದವರು ಯಾರೂ ಡಾಕ್ಟ್ರಲ್ಲ.

5. ಬಾಣಂತನದಲ್ಲಿ ಯಾವ್ದು ಇಟ್ಕೊಳ್ಳೋದು ಯಾವ್ದು ಬಿಡೋದು

ಎಣ್ಣೆ ನೀರು ಇರ್ಲಿ, ಅವಳಿಗೆ ಹಿತ ಅನ್ಸಿದ್ರೆ. ಮೈ ತಿಕ್ಕಿಸ್ಕೊಂಡು ಬಿಸಿನೀರು ಹುಯ್ಯಿಸ್ಕೊಂಡ ಮೇಲೆ ಬರೋ ನಿದ್ದೆ ಇದೆಯಲ್ಲ, ಅದನ್ನ ಹಾಳು ಮಾಡ್ಬೇಡಿ, ಅದರ ಹಿಂದೇನೇ ಮಲಗಿಸಿ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಲ್ಲಾ ಸರಿ.

ಬಿಡ್ಬೇಕಾದ್ದು ನೀರು ಕಮ್ಮಿ ಕೊಡೋದು. ಹೊಟ್ಟೆ ದಪ್ಪ ಆಗುತ್ತೆ, ನಂಜಾಗುತ್ತೆ ಅಂತ ದಿನಕ್ಕೆ ಎರಡು ಲೋಟ ಕೊಟ್ರೆ ಮಲಬದ್ಧತೆ, ಉರಿಮೂತ್ರ, ತಲೆನೋವು, ಅದ್ರ ಮೇಲೆ ಮನಸ್ಸು ಹೇಗೆ ಸರಿಯಿರುತ್ತೆ. ಬಾಯಾರಿದಷ್ಟೂ ಕುಡೀಲಿ. ತರಕಾರಿ ಹಣ್ಣು ಮೊಟ್ಟೆ ಕಾಳು ನಿಲ್ಸೋದೂ ಬೇಡ, ರಕ್ತ ಕಮ್ಮಿ ಇದ್ರೆ ಸುಸ್ತು ಮತ್ತು ಖಿನ್ನತೆ ಒಂದೇ ಥರ ಕಾಣುತ್ತೆ, ಸರ್ಕಾರದಿಂದ ಕೊಡೋ ಐರನ್ ಮಾತ್ರೆ ಹೆರಿಗೆ ಆದ ಮೇಲೂ 180 ದಿನ ತಗೋಬೇಕು. ಬಾಗಿಲು ಕಿಟಕಿ ಮುಚ್ಚಿದ ಕೋಣೇಲಿ ಕೆಂಡ ಇಟ್ಟು ಹೊಗೆ ಹಾಕೋದು ನಿಜಕ್ಕೂ ಅಪಾಯ, ಆ ಗಾಳಿ ತಾಯಿಗೂ ಮಗುಗೂ ವಿಷ. ಬೆಳಗ್ಗೆ ಅರ್ಧ ಗಂಟೆ ಜಗಲಿ ಮೇಲೋ ಟೆರೇಸಲ್ಲೋ ಬಿಸಿಲಿಗೆ ಕೂರ್ಲಿ, ಕಿವಿಗೆ ಹತ್ತಿ ಇಟ್ಕೊಂಡೇ ಕೂರ್ಲಿ ಪರವಾಗಿಲ್ಲ, ಆದ್ರೆ ಆಚೆ ಬರ್ಲಿ. ಈ ವಿಷಯದಲ್ಲಿ ಅಜ್ಜಿಯರ ಜೊತೆ ಜಗಳ ಆಡ್ಬೇಡಿ, "ಡಾಕ್ಟ್ರು ಹೇಳಿದಾರೆ ಕಣಜ್ಜಿ" ಅಂತ ಆಶಾ ಬಾಯಲ್ಲೇ ಹೇಳಿಸಿ.

6. ಎರಡು ವಾರ ಆದ್ಮೇಲೆ: ಲೆಕ್ಕ ಇಡೋದು

ಅಳು ಎರಡು ವಾರ ದಾಟಿತಾ, ಅಥ್ವಾ ಮೊದ್ಲು ಚೆನ್ನಾಗಿದ್ದು ಮೂರನೇ ತಿಂಗಳಲ್ಲಿ ಶುರುವಾಯ್ತಾ, ಎರಡೂ ಖಿನ್ನತೆ ಆಗಿರ್ಬಹುದು, ಮೊದಲ ವರ್ಷ ಪೂರ್ತಿ ಯಾವಾಗ ಬೇಕಾದ್ರೂ ಬರುತ್ತೆ. ಇದೇನು ಅಪರೂಪ ಅಲ್ಲ, ನಮ್ಮ ದೇಶದ 38 ಅಧ್ಯಯನ ಒಟ್ಟು ಸೇರ್ಸಿ 2017ರಲ್ಲಿ ಲೆಕ್ಕ ಹಾಕಿದಾಗ ನೂರು ತಾಯಂದ್ರಲ್ಲಿ ಸುಮಾರು 22 ಜನಕ್ಕೆ ಇತ್ತು.

ಎಲ್ಲರೂ ಅಳಲ್ಲ, ಅದನ್ನ ನೆನಪಿಡಿ. ಕೆಲವ್ರು ಬರೀ ಸಿಡುಕ್ತಾರೆ, ಕೆಲವ್ರು ಮಗುನ ಯಾರ ಕೈಗೂ ಕೊಡಲ್ಲ, ಉಸಿರಾಡ್ತಿದೆಯಾ ಅಂತ ರಾತ್ರಿಯೆಲ್ಲ ಮೂಗಿನ ಹತ್ರ ಕೈ ಇಟ್ಟು ನೋಡ್ತಾರೆ, ಕೆಲವ್ರು ಮೆಷಿನ್ ಥರ ಎಲ್ಲಾ ಕೆಲಸ ಮಾಡ್ತಾರೆ ಮಾತೇ ಇಲ್ಲ. ನಮ್ಮೂರ ಹೆಂಗಸ್ರು ಬೇಜಾರು ಅನ್ನಲ್ಲ, ತಲೆ ಭಾರ, ಎದೆ ಡವಡವ, ಮೈಯೆಲ್ಲ ಉರಿ, ಸೊಂಟದಲ್ಲಿ ಶಕ್ತಿ ಇಲ್ಲ ಅಂತಾರೆ. ಸ್ಕ್ಯಾನಿಂಗ್ ಮಾಡ್ಸಿ ಎಲ್ಲಾ ನಾರ್ಮಲ್ ಅಂತ ವಾಪಸ್ ಕಳ್ಸಿದ್ರೆ ಅಲ್ಲಿಗೆ ಬಿಡ್ಬೇಡಿ, ನನಗೂ ಒಂದು ಕ್ಲಿನಿಕ್ಕಲ್ಲಿ ಹಾಗೇ ಅಂದ್ರು.

ಲೆಕ್ಕ ಇಡೋಕೆ ನೋಟ್‌ಬುಕ್ಕು. ದಿನಕ್ಕೆ ಮೂರೇ ಗೆರೆ: ಒಂದೇ ಸಲಕ್ಕೆ ಎಷ್ಟು ಗಂಟೆ ಮಲಗಿದ್ಲು, ಊಟ ಸೇರ್ತಾ, ಇವತ್ತು ನಕ್ಕಳಾ. ದಿನಾಂಕಗಳನ್ನೂ ಹೊಸದಾಗಿ ಹುಡುಕೋದು ಬೇಡ. ಆಸ್ಪತ್ರೇಲಿ ಹೆರಿಗೆ ಆದೋರ ಮನೆಗೆ ಆಶಾ 3, 7, 14, 21, 28, 42ನೇ ದಿನ ಬರ್ಬೇಕು, ಮಗು ಲಸಿಕೆ ಆರು, ಹತ್ತು, ಹದಿನಾಲ್ಕನೇ ವಾರ ಇರುತ್ತೆ. ಪ್ರತೀ ಸಲ ಮಗು ತೂಕ ನೋಡ್ತಾರೆ, ತಾಯಿ ಹೆಂಗಿದಾಳೆ ಅಂತ ನೋಡೋದು ಕಮ್ಮಿ. ನೀವೇ ನೋಟ್‌ಬುಕ್ ತೋರ್ಸಿ ಕೇಳಿ. ಎಡಿನ್‌ಬರ್ಗ್ ಸ್ಕೇಲ್ ಅಂತ ಹತ್ತು ಪ್ರಶ್ನೆಯ ಒಂದು ಪಟ್ಟಿ ಇದೆ, 1987ರಿಂದ ಪ್ರಪಂಚದೆಲ್ಲೆಡೆ ಬಳಸ್ತಿರೋದು, ಕನ್ನಡದಲ್ಲೂ ಇದೆ, ಹಿಂದಿನ ಏಳು ದಿನ ಹೇಗಿತ್ತು ಅಂತ ಕೇಳುತ್ತೆ, 30ಕ್ಕೆ ಅಂಕ. ಸಾಮಾನ್ಯವಾಗಿ 13 ಇಲ್ಲ ಅದಕ್ಕಿಂತ ಜಾಸ್ತಿ ಬಂದ್ರೆ, ಕೆಲವ್ರು 10ಕ್ಕೇ, ಪೂರ್ತಿ ಪರೀಕ್ಷೆ ಮಾಡ್ಬೇಕು ಅಂತಾರೆ. ಹತ್ತನೇ ಪ್ರಶ್ನೆ ತನಗೆ ತಾನೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಗ್ಗೆ, ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದ್ರೂ ಒಟ್ಟು ಅಂಕ ನೋಡ್ದೆ ಅವತ್ತೇ ಡಾಕ್ಟ್ರ ಹತ್ರ. ಪಟ್ಟಿ ಕಾಯಿಲೆ ಹೆಸರು ಹೇಳಲ್ಲ, ಹೋಗ್ಬೇಕಾ ಬೇಡ್ವಾ ಅಂತ ಹೇಳುತ್ತೆ ಅಷ್ಟೇ.

7. ಡಾಕ್ಟ್ರ ಹತ್ರ ಕರ್ಕೊಂಡು ಹೋಗೋದು

ಎಲ್ಲಿಗೆ ಅಂದ್ರೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎಲ್ಲಾ ಕಡೆ ಮನೋವೈದ್ಯ ವಿಭಾಗ ಇದೆ. ಹಳ್ಳಿ ಕಡೆಯೋರು ತಾಲ್ಲೂಕು ಆಸ್ಪತ್ರೇಲಿ ವಿಚಾರಿಸಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ಹೊರಡೋ ಮುಂಚೆ ಒಂದು ಫೋನ್ ಮಾಡಿ. ಎಲ್ಲಿ ಹೋಗೋದು ಅಂತಾನೇ ತಿಳೀದಿದ್ರೆ 14416. ಸೇರಿಸ್ಲೇಬೇಕು ಅನ್ನೋ ಹಂತ ಬಂದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರೂ ಒಟ್ಟಿಗೆ ಇರೋ ವಾರ್ಡ್ ಇದೆ.

ಹೋಗೋ ದಿನ ನೋಟ್‌ಬುಕ್ಕು, ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ತಗೊಳ್ಳಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಬಗ್ಗೆ ಕೇಳಿ, ಹೆರಿಗೆ ಆದ ಮೇಲೆ ಥೈರಾಯ್ಡ್ ಏರುಪೇರಾಗೋದು ಉಂಟು, ಅದೂ ಖಿನ್ನತೆ ಥರಾನೇ ಕಾಣುತ್ತೆ. ಡಾಕ್ಟ್ರ ಮುಂದೆ ಅವಳ ಬದಲು ನೀವು ಮಾತಾಡ್ಬೇಡಿ, ಸ್ವಲ್ಪ ಹೊತ್ತು ಅವಳೊಬ್ಬಳನ್ನೇ ಒಳಗೆ ಬಿಡಿ. ಮನೇಲಿ ಹೊಡೆತ ಬಡಿತ ಇದ್ರೆ, ಗಂಡ ಕುಡೀತಿದ್ರೆ, ಆಗಷ್ಟೇ ಬಾಯಿ ಬಿಡೋಕೆ ಆಗೋದು.

ಮಾತ್ರೆ ಅಂದ ತಕ್ಷಣ ಮನೆಯೋರೆಲ್ಲ ಕೇಳೋದು ಹಾಲು ಬಿಡಿಸ್ಬೇಕಾ ಅಂತ. ಹೆಚ್ಚಿನ ಸಲ ಬೇಡ, ಖಿನ್ನತೆಗೆ ಕೊಡೋ ಸರ್ಟ್ರಾಲಿನ್ ಥರದ ಮಾತ್ರೆ ಹಾಲಲ್ಲಿ ತೀರಾ ಕಮ್ಮಿ ಹೋಗುತ್ತೆ, ಹಾಲು ಕುಡಿಸೋ ತಾಯಂದ್ರಿಗೆ ಡಾಕ್ಟ್ರು ಅಂಥದ್ದನ್ನೇ ನೋಡಿ ಕೊಡ್ತಾರೆ. ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಇಲ್ಲಿ ಎರಡು ಕಡೆ ಸೋಲ್ತಾರೆ, ಐದನೇ ದಿನ "ಏನೂ ಆಗ್ಲಿಲ್ಲ" ಅಂತ ಬಿಡೋದು, ಎರಡನೇ ತಿಂಗಳು "ಹುಷಾರಾದ್ಲು" ಅಂತ ಬಿಡೋದು. ನಿಲ್ಸೋದು ಡಾಕ್ಟ್ರ ತೀರ್ಮಾನ. ಎಲ್ಲರಿಗೂ ಮಾತ್ರೇನೇ ಬೇಕು ಅಂತೇನಿಲ್ಲ, ಹಗುರವಾಗಿದ್ರೆ ಕೌನ್ಸೆಲಿಂಗಲ್ಲೇ ಸರಿಹೋಗುತ್ತೆ.

"ಹುಚ್ಚಿ ಅಂತ ಮಗು ಕಿತ್ಕೊಂಡ್ರೆ" ಅನ್ನೋ ಭಯ ಅವಳಿಗೆ ಇದ್ದೇ ಇರುತ್ತೆ, ಆಚೆ ಹೇಳಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ತಾಯಿ ಮಾನಸಿಕ ಆಸ್ಪತ್ರೆಗೆ ಸೇರಿದ್ರೂ ಮೂರು ವರ್ಷದೊಳಗಿನ ಮಗುನ ಸಾಮಾನ್ಯವಾಗಿ ಅವಳಿಂದ ದೂರ ಮಾಡೋ ಹಾಗಿಲ್ಲ. ಮಗು ಸುರಕ್ಷತೆಗೆ ಅಪಾಯ ಅನ್ನಿಸಿದಾಗ ಮಾತ್ರ, ಅದೂ ಸ್ವಲ್ಪ ಕಾಲಕ್ಕೆ. ಇದನ್ನ ಅವಳಿಗೆ ಬಸ್ಸಲ್ಲಿ ಹೋಗ್ತಾನೇ ಹೇಳಿ.

8. ತವರಿಂದ ಗಂಡನ ಮನೆಗೆ ಹೊರಡೋ ದಿನ

ಮೂರು ತಿಂಗಳಿಗೋ ಐದು ತಿಂಗಳಿಗೋ ಮಗು ಕರ್ಕೊಂಡು ಹೊರಡ್ತಾಳಲ್ಲ, ಅಲ್ಲಿ ಎಲ್ಲರೂ ಕೈ ಬಿಡ್ತಾರೆ. ಅವ್ವ ಬಾಣಂತನ ಮುಗೀತು ಅಂತ ನಿಟ್ಟುಸಿರು ಬಿಡ್ತಾಳೆ, ಅತ್ತೆಮನೇಲಿ ಹಳೇ ಕೆಲಸ ಕಾಯ್ತಿರುತ್ತೆ. ಅದುವರ್ಗೂ ಗಟ್ಟಿಯಿದ್ದೋಳು ಹದಿನೈದು ದಿನದಲ್ಲಿ ಕುಸಿಯೋದನ್ನ ನಾನು ನೋಡಿದೀನಿ.

ಹಾಗಾಗಿ ಹೊರಡೋ ವಾರ ಮುಂಚೆ ಗಂಡ, ಅತ್ತೆ, ಅವ್ವ ಮೂರು ಜನ ಕೂತು ಮಾತಾಡಿ: ರಾತ್ರಿ ಮಗು ಯಾರು ನೋಡ್ತಾರೆ, ಬೆಳಗ್ಗೆ ತಿಂಡಿ ಯಾರ್ದು, ಅವಳು ಎಷ್ಟು ಗಂಟೆಗೆ ಏಳ್ಬೇಕು ಅಂತ ಯಾರೂ ಕೇಳಲ್ಲ ಅನ್ನೋದು. ಮೊದಲ ಹದಿನೈದು ದಿನ ದಿನಾ ಫೋನು, ಸ್ಪೀಕರ್‌ನಲ್ಲಿ ಅಲ್ಲ. ಮಾತ್ರೆ ನಡೀತಿದ್ರೆ ಗಂಡನಿಗೆ ಗೊತ್ತಿರ್ಲೇಬೇಕು, ಅತ್ತೆಗೆ ಹೇಳೋದೋ ಬೇಡ್ವೋ ಅನ್ನೋದನ್ನ ಅವಳಿಗೇ ಬಿಡಿ, ಆದ್ರೆ ಮಾತ್ರೆ ಅಕ್ಕಿ ಡಬ್ಬೀಲಿ ಬಚ್ಚಿಟ್ಕೊಂಡು ನುಂಗೋ ಸ್ಥಿತಿ ಬರ್ಬಾರ್ದು. ಕೆಲಸಕ್ಕೆ ಹೋಗೋಳಾದ್ರೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕಾನೂನಲ್ಲಿದೆ, ಕೆಲಸಕ್ಕೆ ವಾಪಸ್ ಹೋಗೋ ತಿಂಗಳನ್ನೂ ನೋಟ್‌ಬುಕ್ಕಲ್ಲಿ ಗುರುತು ಹಾಕಿ, ಅದೂ ಕುಸಿಯೋ ಜಾಗ. ಗಂಡನ್ನೂ ಒಂದ್ಸಲ ನೋಡಿ, ಹೊಸ ಅಪ್ಪಂದ್ರಲ್ಲಿ ಸುಮಾರು ಹತ್ತರಲ್ಲಿ ಒಬ್ಬನಿಗೆ ಖಿನ್ನತೆ ಬರುತ್ತೆ, ಅವನು ಅದನ್ನ ಕುಡಿತದಲ್ಲೋ ಸಿಟ್ಟಲ್ಲೋ ತೋರಿಸ್ತಾನೆ.

ನೋಟ್‌ಬುಕ್ಕನ್ನ ಮಗು ಬಟ್ಟೆ ಬ್ಯಾಗಲ್ಲೇ ಹಾಕಿ ಕಳ್ಸಿ, ಮೊದಲನೇ ಪುಟದಲ್ಲಿ ಇನ್ಮುಂದೆ ದಿನಾ ಅವಳನ್ನ ಕೇಳೋರು ಯಾರು ಅನ್ನೋ ಹೆಸರು, ಫೋನ್ ನಂಬರ್, ಕೆಳಗೆ 14416 ಬರೆದಿರ್ಲಿ. ಮಗುಗೆ ವರ್ಷ ತುಂಬೋ ತನಕ ಅದರಲ್ಲಿ ವಾರಕ್ಕೊಂದು ಪುಟ ತುಂಬ್ತಿರ್ಬೇಕು.